ಒಂದೇ ದಿನದಲ್ಲಿ ಎಂಟು ಜಾಗ

ಇಂಗ್ಲೆಂಡಿನ ನಾರ್ಫೋಕ್ ಕರಾವಳಿಯನ್ನು ನನ್ನಷ್ಟು ಬಲ್ಲವನು ಇನ್ನೂ ಹುಟ್ಟಿಲ್ಲ. ನಿವೃತ್ತನಾದ ಮರುದಿನವೇ ಹೆಂಡತಿ ಬೆರಿಲ್‌ಗೆ ಹೀಗಂದೆ. ಬಾಯಿ ಮುಚ್ಚಿಕೊಂಡಿದ್ದರೆ ಈಗ ನನ್ನ ಪ್ಯಾಂಟು ಒಣಗಿರುತ್ತಿತ್ತು.

ಇಪ್ಪತ್ತೆಂಟು ವರ್ಷ ಪ್ರವಾಸಿ ಮಾಹಿತಿ ಕೇಂದ್ರದ ಕೌಂಟರಿನಲ್ಲಿ ಕೂತವನು ನಾನು, ಕ್ಲಿಫರ್ಡ್. ಮಕ್ಕಳಿದ್ದವರನ್ನು ಉಗಿಬಂಡಿಗೆ, ಹೊಸ ಜೋಡಿಗಳನ್ನು ಗಾಳಿಗಿರಣಿಗೆ, ಅತ್ತೆಯನ್ನು ಜೊತೆಗೆ ಕರೆತಂದವರನ್ನು ದೀಪಸ್ತಂಭದ ಮೆಟ್ಟಿಲಿಗೆ ಅಟ್ಟುತ್ತಿದ್ದೆ. ‘ಕರಾವಳಿಯಲ್ಲೊಂದು ದಿನ, ಎಂಟು ಜಾಗ’ ಎಂಬ ಜಗತ್ಪ್ರಸಿದ್ಧ ಕರಪತ್ರದ ಕರ್ತೃವೂ ನಾನೇ. ಕುರ್ಚಿ ಬಿಟ್ಟು ಏಳದೆ ಬರೆದದ್ದು.

“ನನಗೆ ಎಂಟು ಬೇಡ ಕ್ಲಿಫ್,” ಎಂದಳು ಬೆರಿಲ್. “ದೋಣೀಲಿ ಕರ್ಕೊಂಡು ಹೋಗಿ ಆ ಸೀಲ್ ಪ್ರಾಣಿಗಳನ್ನ ತೋರಿಸು, ಸಾಕು. ಮದುವೆ ಆದಾಗಿಂದ ಕೇಳ್ತಾ ಇದೀನಿ.”

“ಅದು ಎಂಟನೇದು. ಕ್ರಮ ತಪ್ಪಿಸೋ ಹಾಗಿಲ್ಲ.”

ಹೊರಟೆವು. ಗಾಳಿಗಿರಣಿಗೆ ಸೋಮವಾರ ರಜೆ, ಅಂದು ಸೋಮವಾರ. ಉಗಿಬಂಡಿ ನಮ್ಮ ಕಣ್ಣೆದುರೇ ಹೊಗೆ ಬಿಟ್ಟುಕೊಂಡು ಹೋಯಿತು. ದೀಪಸ್ತಂಭದ ಅರ್ಧ ಮೆಟ್ಟಿಲಲ್ಲಿ ಬೆರಿಲ್ ಕೂತು ಚಪ್ಪಲಿ ಬಿಚ್ಚಿದಳು.

“ಇನ್ನೆಷ್ಟು ಜಾಗ?”

“ಐದೇ ಐದು.”

ಅವಳು ಚಪ್ಪಲಿಯನ್ನು ಕೈಲಿ ಹಿಡಿದು ಕೆಳಗಿಳಿಯತೊಡಗಿದಳು. ಅದಕ್ಕೆ ಹೆದರಿ ನಡುವಿನ ನಾಲ್ಕನ್ನು ಬಿಟ್ಟು ನೇರ ಎಂಟಕ್ಕೆ ಹಾರಿದೆ. ನಿಜ ಹೇಳಬೇಕೆಂದರೆ ನನಗೂ ಮೊಣಕಾಲು ಮಾತಾಡುತ್ತಿತ್ತು.

ದೋಣಿಕಟ್ಟೆಯ ಹತ್ತಿರ ಎಲ್ಲರೂ ಕಾರನ್ನು ದೂರದ ಗುಡ್ಡದ ಮೇಲೆ ನಿಲ್ಲಿಸಿ, ಬುಟ್ಟಿ ಹೊತ್ತು ನಡೆದು ಬರುತ್ತಿದ್ದರು. ಪಾಪ, ಕರಪತ್ರ ಓದದವರು. ‘ನೀರಿನಂಚಿನಲ್ಲೇ ಕಾರಿಗೆ ವಿಶಾಲ ಜಾಗವಿದೆ’ ಎಂದು ನಾನು ಅಷ್ಟು ಸ್ಪಷ್ಟವಾಗಿ ಬರೆದಿದ್ದೆ. ವಿಶಾಲ ಜಾಗದ ನಟ್ಟನಡುವೆ ನಮ್ಮ ಕಾರೊಂದೇ ರಾಜನಂತೆ ನಿಂತಿತು.

“ದೋಣಿ ಎರಡು ಗಂಟೆಗೆ ಅಲ್ವಾ?” ಎಂದೆ ದೋಣಿ ನಡೆಸುವ ಮುದುಕ ರೆಜ್‌ಗೆ.

“ಯಾರು ಹೇಳಿದ್ದು? ಉಬ್ಬರ ಬರಬೇಕು, ನೀರು ತುಂಬಬೇಕು. ಐದೂವರೆ ಆಗುತ್ತೆ. ನಾಳೆಯಿಂದ ದೋಣಿ ರಿಪೇರಿಗೆ ಹೋಗುತ್ತೆ, ಈ ವರ್ಷಕ್ಕೆ ಇದೇ ಕೊನೇ ಸುತ್ತು.”

ಬೆಂಚಿನ ಮೇಲೆ ಮೂರೂವರೆ ಗಂಟೆ ಕಾದೆವು. ಆರಿದ ಚಹಾ ಕುಡಿದು ಒಬ್ಬರ ಹೆಗಲಿಗೊಬ್ಬರು ಒರಗಿ ತೂಕಡಿಸಿದೆವು. ಕೊನೆಗೆ ನೀರು ತುಂಬಿತು, ದೋಣಿ ಹತ್ತಿದೆವು. ರೆಜ್ ಹಗ್ಗ ಬಿಚ್ಚುವಾಗ ಸುಮ್ಮನೆ ಹಿಂದೆ ತಿರುಗಿದೆ. ವಿಶಾಲ ಜಾಗ ಕಾಣಲಿಲ್ಲ. ಸಮುದ್ರ ಕಾಣಿಸಿತು, ಅದರೊಳಗೆ ನಮ್ಮ ಕಾರು.

“ಬೆರಿಲ್, ಇಳಿ! ಕಾರು ಮುಳುಗ್ತಿದೆ.”

ಬೆರಿಲ್ ಕಾರನ್ನು ನೋಡಿದಳು, ಕಡಲನ್ನು ನೋಡಿದಳು.

“ನೀನು ಇಳಿ. ಮೂವತ್ತೊಂದು ವರ್ಷದಿಂದ ಕಾಯ್ತಿರೋಳು ನಾನು, ಕಾರಲ್ಲ.”

ನಾನು ಇಳಿದೆ. ಸೊಂಟದುದ್ದ ನೀರಿನಲ್ಲಿ ನಡೆದು ಬಾಗಿಲು ತೆಗೆದೆ. ಒಳಗಿದ್ದ ನೀರೂ ಹೊರಗಿದ್ದ ನೀರೂ ಕೈ ಕುಲುಕಿದವು. ಸೀಟಿನ ಮೇಲೆ ನನ್ನ ಕರಪತ್ರ ತೇಲುತ್ತಿತ್ತು. ಅದನ್ನೇ ಹಿಡಿದುಕೊಂಡು ದಡಕ್ಕೆ ಬಂದು ಕೂತೆ.

ಒಂದು ಗಂಟೆಯ ಮೇಲೆ ದೋಣಿ ಮರಳಿತು. ಬೆರಿಲ್‌ಳ ಮುಖದಲ್ಲಿ ಮದುವೆಯ ದಿನದ ಕಳೆ ಇತ್ತು. ಅವಳ ಹಿಂದೆ ರೆಜ್ ಬಂದು, ನನ್ನ ಕೈಲಿದ್ದ ಕಾಗದ ನೋಡಿ ತಲೆ ಚಚ್ಚಿಕೊಂಡ.

“ಇದನ್ನ ನಂಬ್ಕೊಂಡು ಬಂದ್ರಾ? ಪ್ರತಿ ಬೇಸಿಗೇಲೂ ನಾಕೈದು ಕಾರು ಹೀಗೇ ನೀರು ಕುಡಿಯುತ್ತೆ ಸಾರ್. ಬರೆದ ಪುಣ್ಯಾತ್ಮ ಈ ಕಡೆ ತಲೆ ಹಾಕಿದವನೇ ಅಲ್ಲ. ಒಂದೇ ಒಂದ್ಸಲ ಕೈಗೆ ಸಿಗಬೇಕು.”

ನಾನು ಆಕಾಶ ನೋಡಿದೆ.

“ಸಿಕ್ಕಿದಾರಲ್ಲ,” ಎಂದಳು ಬೆರಿಲ್. “ಕಾರೂ ಅವರದ್ದೇ.”

ರೆಜ್ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗುಡಿಸಲೊಳಗೆ ಹೋಗಿ, ನಮ್ಮ ಕೇಂದ್ರ ಹಂಚಲು ಕಳಿಸಿದ್ದ ಇನ್ನೂರು ಕರಪತ್ರಗಳ ಕಟ್ಟನ್ನೂ ಒಂದು ಪೆನ್ನನ್ನೂ ತಂದು ನನ್ನ ಒದ್ದೆ ತೊಡೆಯ ಮೇಲಿಟ್ಟ.

“ನೀರು ಇಳಿಯೋಕೆ ಇನ್ನೂ ಮೂರು ಗಂಟೆ ಇದೆ. ಒಂದೊಂದನ್ನೂ ತಿದ್ದಿಬಿಡಿ.”

ಬೆರಿಲ್ ಪಕ್ಕದಲ್ಲಿ ರೆಜ್‌ನ ಮಡಚುಕುರ್ಚಿ ಹಾಕಿಕೊಂಡು ಕಾಲು ಚಾಚಿ, ಏಡಿ ಸ್ಯಾಂಡ್‌ವಿಚ್ ಕಚ್ಚಿದಳು.

“ಉಳಿದ ನಾಲ್ಕು ಜಾಗ?” ಎಂದೆ ಮೆಲ್ಲಗೆ.

“ನನಗೆ ಇದೇ ಒಂಬತ್ತನೇ ಜಾಗ ಕ್ಲಿಫ್, ಇಲ್ಲಿಂದ ಎಲ್ಲಾ ಚೆನ್ನಾಗಿ ಕಾಣುತ್ತೆ,” ಎಂದಳು. “ನೀನು ಬರಿ.”