ದೊಡ್ಡಮಾವನ ಹಟ್ಟಿಯ ಟಗರು ಮಹಾಶಯರಿಗೆ, ನಮ್ಮ ರಜೆಯ ವಿಷಯವಾಗಿ

ಮಾನ್ಯ ಟಗರು ಮಹಾಶಯರೇ,

ತಮ್ಮ ಬಾಗಿದ ಕೊಂಬುಗಳಿಗೂ ದುಂಡನೆಯ ಬಾಲಕ್ಕೂ ನನ್ನ ನಮಸ್ಕಾರಗಳು. ಅಕ್ಷರ ಸೊಟ್ಟಗಿದ್ದರೆ, ಕಾಗುಣಿತ ತಪ್ಪಿದ್ದರೆ ಮನ್ನಿಸಬೇಕು. ನಾಲ್ಕನೇ ತರಗತಿಗೇ ಶಾಲೆ ಬಿಡಿಸಿ ನನ್ನನ್ನು ತಮ್ಮ ಬಂಧುಗಳ ಹಿಂದೆ ಬೆಟ್ಟಕ್ಕೆ ಕಳಿಸಿದ್ದರಿಂದ ಈ ತಪ್ಪುಗಳಲ್ಲಿ ತಮ್ಮ ಕುಲದವರಿಗೂ ಪಾಲಿದೆ. ತಮಗೆ ಓದಲು ಬಾರದು, ನನಗೆ ಹಿರಿಯರ ಮುಂದೆ ಬಾಯಿ ಬಾರದು. ಅದಕ್ಕೇ ಯಾರು ಬೇಕಾದರೂ ಓದಲೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಾನು ಬಿಷ್ಕೆಕ್ ಪಟ್ಟಣದ ಹೊಲಿಗೆ ಅಂಗಡಿಯೊಂದರಲ್ಲಿ ಕೆಲಸ ಮಾಡುವವಳು. ಮದುವೆಯಾದಾಗಿನಿಂದ ಪ್ರತಿ ಬೇಸಿಗೆಯಲ್ಲೂ ನಮ್ಮವರು, ಅಂದರೆ ಮೆಲಿಸ್, ಇಸಿಕ್ ಕುಲ್ ಸರೋವರಕ್ಕೆ ರಜೆಗೆ ಹೋಗೋಣ ಎನ್ನುತ್ತಾರೆ. ನಾನು ನೀಲಿ ಈಜುಡುಪನ್ನು ಚೀಲದ ತಳಕ್ಕೆ ಇಡುತ್ತೇನೆ. ನೀರು ಕಣ್ಣಿಗೆ ಬೀಳುವ ಹೊತ್ತಿಗೆ ಸರಿಯಾಗಿ, "ದೊಡ್ಡಪ್ಪನ ಮನೆ ದಾರೀಲೇ ಇದೆಯಲ್ಲ, ಅರ್ಧ ಬಟ್ಟಲು ಟೀ ಕುಡಿದು ಎದ್ದುಬಿಡೋಣ" ಎಂದು ಅವರು ಕಾರು ತಿರುಗಿಸುತ್ತಾರೆ.

ಆ ಅರ್ಧ ಬಟ್ಟಲಿಗೆ ಕೊನೆಯೇ ಇಲ್ಲವೆಂಬುದು ತಮಗೂ ಗೊತ್ತು. ಅರ್ಧ ಕೊಟ್ಟರೆ ಇನ್ನೂ ಕೂತಿರಿ ಎಂದರ್ಥ. ತುಂಬಿಸಿ ಕೊಟ್ಟರೆ ಇನ್ನು ಹೊರಡಿ ಎಂದರ್ಥ. ಹಾಗಾಗಿ ಬೆಳಗಿನಿಂದ ಸಂಜೆಯವರೆಗೆ ಟೀ ನೀರು ಕಾಯುವ ಸಮೋವರದ ಪಕ್ಕ ಕೂತು ಎಲ್ಲರಿಗೂ ಅರ್ಧರ್ಧ ಬಗ್ಗಿಸುವುದು ಸೊಸೆಯ ಕೆಲಸ. ನನ್ನ ರಜೆ ಎಂದರೆ ಇದೇ.

ಆಮೇಲೆ ತಮ್ಮ ಪ್ರವೇಶ. ತಮ್ಮನ್ನು ಬಾಗಿಲಿಗೆ ತಂದು ನಿಲ್ಲಿಸಿ ಎಲ್ಲರೂ ಅಂಗೈ ಚಾಚಿ ಹರಸಿದ ಮೇಲೆ ಯಾವ ಅತಿಥಿಯೂ ಎದ್ದು ಹೋಗುವಂತಿಲ್ಲ. ಕೊಯ್ದು ಬೇಯಿಸಿದ ಮೇಲೆ ತಮ್ಮ ಮೂಳೆಗಳು ಮಾಂಸ ಸಮೇತ ನೆಂಟರ ವಯಸ್ಸಿಗೆ ತಕ್ಕಂತೆ ಹಂಚಿಕೆಯಾಗುತ್ತವೆ. ದೊಡ್ಡ ಮೂಳೆ ಸಿಕ್ಕಿದವರು ಸುಮ್ಮನಿದ್ದರೆ ಮರ್ಯಾದೆಯಲ್ಲವಾದ್ದರಿಂದ ನಮ್ಮನ್ನು ಅವರವರ ಮನೆಗೆ ಕರೆದು ಇನ್ನೊಬ್ಬ ಟಗರು ಮಹಾಶಯರನ್ನು ಬಾಗಿಲಿಗೆ ತರುತ್ತಾರೆ. ಒಂದೇ ದೇಹದಿಂದ ಇಡೀ ತೀರದ ನೆಂಟರನ್ನು ಕಟ್ಟಿಹಾಕುವ ತಮ್ಮ ಸಾಮರ್ಥ್ಯ ಯಾವ ಮಂತ್ರಿಗೂ ಬಂದಿಲ್ಲ. ಹೋದ ವರ್ಷ ಮನೆಗೆಂದು ಕಟ್ಟಿಕೊಟ್ಟ ಮಾಂಸದ ಪೊಟ್ಟಣವನ್ನು ನನ್ನ ಚೀಲದಲ್ಲೇ ಇಟ್ಟರು. ಅಂಗಡಿಯಲ್ಲಿ ಗೆಳತಿಯರು "ಈಜುಡುಪು ನೀರು ಕಂಡಿತೇನೇ?" ಎಂದು ಕೇಳಿದಾಗ, "ಸಾರು ಕಂಡಿತು" ಎಂದೆ.

ಈ ಬೇಸಿಗೆಯೂ ಇಲ್ಲೇ ಬಂದು ಕೂತಿದ್ದೇವೆ. ಇದು ತಪ್ಪಿದರೆ ಮತ್ತೆ ಇಲ್ಲ. ಚಳಿಗಾಲಕ್ಕೆ ನನಗೆ ಮಗುವಾಗುತ್ತದೆ. ಆಮೇಲೆ ಮಗುವನ್ನು ತೋರಿಸಲು ಹೋಗಬೇಕಾದ ಮನೆಗಳೇ ಬೇರೆ ಇವೆ. ಅದಕ್ಕೇ ಇವತ್ತು ಧೈರ್ಯ ಮಾಡಿ, "ಮಾವ, ನಾಳೆ ಒಂದು ಗಳಿಗೆ ನೀರಿಗೆ ಹೋಗಿಬರಲಾ?" ಎಂದೆ. ಸಾಗಿನ್ ದೊಡ್ಡಮಾವ ನಕ್ಕು, "ನೀರು ಎಲ್ಲಿಗೆ ಓಡಿಹೋಗುತ್ತಮ್ಮ? ಬಿಟ್ರೆ ಟಗರು ಓಡಿಹೋಗುತ್ತೆ ಅಷ್ಟೆ. ನಾಳೆ ಸಂಜೆ ಎಲ್ಲಾ ಬರ್ತಾರೆ, ಕೂತ್ಕೋ" ಎಂದರು. ದೊಡ್ಡತ್ತೆ ಕಿಟಕಿಯಾಚೆಯ ಸರೋವರ ನೋಡುತ್ತಾ, "ಇಲ್ಲಿಂದಲೇ ಕಾಣುತ್ತಲ್ಲೇ. ನಾನು ನೋಡ್ತಾ ನೋಡ್ತಾನೇ ಮುದುಕಿ ಆದೆ" ಎಂದರು.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ. ನಾಳೆ ಸಂಜೆಯೊಳಗೆ ತಾವು ದಯಮಾಡಿ ತುಸು ಕೆಮ್ಮಬೇಕು. ಸಾಧ್ಯವಾದರೆ ಬಾಲದ ಕೊಬ್ಬು ಕರಗಿಸಿಕೊಳ್ಳಬೇಕು. ಮುಂದಿನ ಜನ್ಮದಲ್ಲಿ ಹಂಚಲು ಬಾರದಂತೆ ಒಂದೇ ಮೂಳೆಯವರಾಗಿ ಹುಟ್ಟಬೇಕು. ಇವು ಯಾವುದೂ ಆಗದಿದ್ದರೆ, ಹಿರಿಯರ ಮಾತು ಸುಳ್ಳಾಗಬಾರದೆಂಬ ಒಂದೇ ಕಾರಣಕ್ಕಾದರೂ ಓಡಿಹೋಗಬೇಕು. ಅಗಳಿ ತೆಗೆಯುವ ಸೇವೆ ನನ್ನದು.

ತಮ್ಮ ವಿಶ್ವಾಸಿ, ತಮ್ಮ ಬಂಧುಗಳನ್ನು ಮೇಯಿಸಿದ,
ಬುರುಲ್

ಮತ್ತೊಂದು ಮಾತು: ನಿನ್ನೆ ರಾತ್ರಿ ಪತ್ರ ಮುಗಿಸಿ ಅಗಳಿ ತೆಗೆದಿಟ್ಟೆ. ತಾವು ಮೇವಿನಿಂದ ತಲೆ ಕೂಡ ಎತ್ತಲಿಲ್ಲ. ತಮ್ಮಂಥವರನ್ನು ನಂಬಿ ಯಾರೂ ರಜೆ ಹಾಕಬಾರದು. ಇವತ್ತು ಬೆಳಿಗ್ಗೆ ನಾನೇ ನಮ್ಮವರ ಬಟ್ಟಲಿಗೆ ಅಂಚಿನವರೆಗೂ ಟೀ ತುಂಬಿಸಿ ಎಲ್ಲರ ಮುಂದೆ ಇಟ್ಟೆ. ಸ್ವಲ್ಪ ಚೆಲ್ಲಿತು. ದೊಡ್ಡಮಾವ ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು. ಆಗ ದೊಡ್ಡತ್ತೆ ತಮ್ಮ ಖಾಲಿ ಬಟ್ಟಲನ್ನು ನನ್ನ ಕಡೆ ಸರಿಸಿ, "ನನಗೂ ತುಂಬಿಸೇ. ಕಾರಲ್ಲಿ ಜಾಗ ಇದೆ ತಾನೆ?" ಎಂದರು.

ತುಂಬಿಸಿದೆ.