ಪರಸ್ಥಾನಕ್ಕೆ ಇಟ್ಟ ಬ್ಯಾಗು

ಹೊಸದಾಗಿ ನರ್ಸ್ ಕೆಲಸಕ್ಕೆ ಸೇರಲಿದ್ದ ಶೀಲಾಳ ಬ್ಯಾಗಿನಲ್ಲಿ ಎಲ್ಲವೂ ಇತ್ತು: ಬಿಳಿ ಬೂಟು, ಸೆಕೆಂಡ್ ಮುಳ್ಳಿನ ಕೈಗಡಿಯಾರ, ಪುಟ್ಟ ಕತ್ತರಿ. ರಾಣೆಬೆನ್ನೂರಿನ ಆಸ್ಪತ್ರೆಯ ಮೇಟ್ರನ್ ಮೊದಲೇ ಎಚ್ಚರಿಸಿದ್ದರು: "ಬೆಳಿಗ್ಗೆ ಎಂಟಕ್ಕ ಇಲ್ಲಿರಬೇಕು. ಈ ಸಾಮಾನಿನಾಗ ಒಂದು ಕಮ್ಮಿ ಇದ್ರೂ ತಿರುಗಿ ಮನಿಗೆ. ಹಾವೇರಿ ಹುಡುಗಿ ಒಬ್ಬಾಕಿ ಇದ ಜಾಗಾಕ್ಕ ಕಾಯಾಕತ್ಯಾಳ."

ಆದರೆ ಶೀಲಾಳ ಊರು ಹಲಗೇರಿಯಲ್ಲಿ ಮೇಟ್ರನ್ ಮಾತಿಗಿಂತ ಅಜ್ಜಿ ಉಚ್ಚಂಗೆವ್ವನ ಮಾತು ದೊಡ್ಡದು. ಬೆಳಗಿನ ಘಳಿಗೆ ನೆಟ್ಟಗಿಲ್ಲವೆಂದು ಆಕೆ ಹಿಂದಿನ ಸಂಜೆಯೇ ಬ್ಯಾಗನ್ನು ಎದುರುಮನೆಯ ಮಂಗಳವ್ವನ ಕಡೆ ಪರಸ್ಥಾನಕ್ಕೆ ಇಟ್ಟುಬಂದಳು. ಒಳ್ಳೆಯ ಘಳಿಗೆಯಲ್ಲಿ ಬ್ಯಾಗು ಹೊಸ್ತಿಲು ದಾಟಿದರೆ ಶೀಲಾಳೇ ಹೊರಟಂತೆ. ಬೆಳಿಗ್ಗೆ ಹಾದಿಯಲ್ಲಿ ಅದನ್ನು ಎತ್ತಿಕೊಂಡು ನಡೆದರಾಯಿತು, ಕೆಟ್ಟ ಘಳಿಗೆಗೆ ಸುಳಿವೂ ಹತ್ತುವುದಿಲ್ಲ.

ಬೆಳಿಗ್ಗೆ ನೋಡಿದರೆ ಮಂಗಳವ್ವನ ಬಾಗಿಲಿಗೆ ಬೀಗ!

"ಆಕಿ ನಸಿಕಿನ್ಯಾಗ ಬ್ಯಾಡಗಿಗೆ ಹೋದ್ಲಲ್ಲ, ಮೆಣಸಿನಕಾಯಿ ತೊಟ್ಟು ಬಿಡಸಾಕ," ಎಂದ ಪಕ್ಕದ ಮನೆಯ ಚಂದ್ರಪ್ಪ, ಬಾಯಿತುಂಬ ಹಲ್ಲುಪುಡಿ ಇಟ್ಟುಕೊಂಡು. "ಇನ್ನ ಸಂಜಿಕನ ಬರಾಕಿ."

ಏಳು ಸಮುದ್ರದಾಚೆಯ ಗಿಣಿಯಲ್ಲಿ ಜೀವ ಬಚ್ಚಿಟ್ಟ ರಾಕ್ಷಸನೇ ವಾಸಿ. ಶೀಲಾಳ ಜೀವ ಎದುರಿನ ಕಿಟಕಿಯೊಳಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ.

ಚಂದ್ರಪ್ಪ ಬೀಗ ಒಡೆಯಲು ಕಲ್ಲು ಎತ್ತಿಕೊಂಡ. ಉಚ್ಚಂಗೆವ್ವ ಓಡಿಬಂದು ಬಾಗಿಲಿಗೆ ಅಡ್ಡ ಕುಳಿತಳು.

"ಪರಸ್ಥಾನದ ಮನಿ ಬೀಗ ಒಡೀತಿ? ಹುಡುಗಿ ಕೈಗುಣ ಕೆಡತೈತೋ! ಬೇಕಾದ್ರ ನನ್ನ ತಲಿ ಒಡಿ."

"ನಿನ್ನ ತಲಿ ಒಡದ್ರ ಶೀಲಾ ಇಲ್ಲೇ ಡ್ಯೂಟಿ ಮಾಡಬೇಕಾಕ್ಕೈತಿ ಬಿಡಬೇ," ಎಂದು ಚಂದ್ರಪ್ಪ ಕಲ್ಲು ಕೆಳಗಿಟ್ಟ.

"ಬಸ್ಸು ತಪ್ಪಿದ್ರ ನನ್ನ ನೌಕರಿ ಹೋತು!" ಶೀಲಾಳ ಕಣ್ಣು ತುಂಬಿತು.

ಓಣಿಯೇ ಎದ್ದು ನಿಂತಿತು. ದರ್ಜಿ ಮೆಹಬೂಬ ಮೊಳದುದ್ದದ ಕತ್ತರಿ ತಂದ. "ತಗೋ ತಂಗಿ. ಎಂಥಾ ಬ್ಯಾಂಡೇಜ್ ಇದ್ರೂ ಇದಕ್ಕ ಬೆಣ್ಣಿ. ಸಂಜಿಕ ಮಾತ್ರ ವಾಪಸ್ ಬೇಕವಾ, ನನ್ನ ಹೊಟ್ಟಿ ನಡಸೂದ ಇದು."

ಗೆಳತಿ ಸುನಿತಾ ಕೊಟ್ಟ ಕ್ಯಾನ್ವಾಸ್ ಬೂಟಿಗೆ ಸುಣ್ಣ ಬಳಿದದ್ದಾಯಿತು. ಅದರೊಳಗೆ ಶೀಲಾಳ ಬೆರಳುಗಳು ಜಾತ್ರೆ ಬಸ್ಸಿನ ಮಂದಿಯಂತೆ ಒಂದರ ಮೇಲೊಂದು ಕುಳಿತವು. ಇನ್ನು ಸೆಕೆಂಡ್ ಮುಳ್ಳು? ಓಣಿಯ ಯಾರ ಕೈಗಡಿಯಾರದಲ್ಲೂ ಅದು ಓಡುತ್ತಿರಲಿಲ್ಲ. ಚಂದ್ರಪ್ಪ ಒಳಗೆ ಹೋಗಿ, ಊಟದ ತಾಟಿನಷ್ಟು ಅಗಲದ ಗೋಡೆ ಗಡಿಯಾರ ಇಳಿಸಿಕೊಂಡು ಬಂದ.

"ಮಾವನ ಮನಿದು. ಗಾಜಿಗೆ ಏನರ ಆತಂದ್ರ ನನ್ನ ಹೇಂತಿ ನನ್ನ ಗ್ವಾಡಿಗೆ ಹಾಕ್ತಾಳ, ಹುಷಾರು!"

ಬಸ್ಸಿನಲ್ಲಿ ಗಡಿಯಾರ ಶೀಲಾಳ ತೊಡೆಯೇರಿ ಕುಳಿತಿತು. ರೈಲ್ವೆ ಗೇಟು ಬಿದ್ದು ಬಸ್ಸು ನಿಂತಿತು. ಗೂಡ್ಸ್ ಗಾಡಿಯ ಬಾಲವೇ ಮುಗಿಯಲೊಲ್ಲದು.

"ಅಕ್ಕಾರ, ಗಡಿಯಾರಕ್ಕ ಟಿಕೆಟ್ ತಗೊಂಡೀರೇನ್ರಿ?" ಕಂಡಕ್ಟರ್ ಮೈಲಪ್ಪ ನಕ್ಕ.

"ಎಂಟು ಬಡಿಯಾಕ ಬಂತ ನೋಡು!" ಹಿಂದಿನ ಸೀಟಿನ ಮುದುಕಿ ಬಗ್ಗಿ ಓದಿ ಇಡೀ ಬಸ್ಸಿಗೆ ಸಾರಿದಳು. ಶೀಲಾ ಗಡಿಯಾರವನ್ನು ಬೋರಲು ಹಾಕಿದಳು. ಟಿಕ್ ಟಿಕ್ ಈಗ ನೇರ ಹೊಟ್ಟೆಯೊಳಗೇ ಇಳಿಯಿತು.

ಗೇಟು ಎದ್ದಿತು. ಸ್ಟ್ಯಾಂಡಿನಿಂದ ಕುಂಟುತ್ತ, ಓಡುತ್ತ, ಕತ್ತರಿ ಕಂಡು ದಾರಿ ಬಿಟ್ಟ ಮಂದಿಯ ನಡುವೆ ನುಗ್ಗಿ ಶೀಲಾ ಆಸ್ಪತ್ರೆಯ ಮೆಟ್ಟಿಲು ಹತ್ತಿದಳು. ಕಂಕುಳಲ್ಲಿದ್ದ ಗಡಿಯಾರ ಎಂಟು ಹೊಡೆಯಿತು. ವಾರ್ಡಿನ ರೋಗಿಗಳೆಲ್ಲ ಎದ್ದು ಕುಳಿತರು.

ಮೇಟ್ರನ್ ಬೂಟು ನೋಡಿದರು. ಕತ್ತರಿಯನ್ನು ದೂರ ಹಿಡಿದು ನೋಡಿದರು. ಆಮೇಲೆ ಗಡಿಯಾರವನ್ನು ಮೇಜಿಗೆ ಆನಿಸಿ, ಶೀಲಾಳ ಮಣಿಕಟ್ಟನ್ನೇ ಹಿಡಿದು ನಾಡಿ ಎಣಿಸತೊಡಗಿದರು.

"ನಾಡಿ ಹುಚ್ಚುಕುದರಿಗತೆ ಓಡಾಕತ್ತೈತಿ," ಎಂದರು ಮೇಟ್ರನ್. "ಆದ್ರ ಮುಳ್ಳು ಸರಿ ಐತಿ. ನಾ ಹೇಳಿದ್ದೆಲ್ಲಾ ತಂದೀದಿ. ಹಾವೇರಿ ಹುಡುಗಿಗೆ ಬ್ಯಾಡ ಅಂತ ಫೋನ್ ಮಾಡ್ತೀನಿ."

ಶೀಲಾಳ ಕಾಲು ನೆಲ ಬಿಟ್ಟು ಮೇಲೆದ್ದಂತಾಯಿತು. ಅಷ್ಟರಲ್ಲಿ ಒಳಗಿನಿಂದ ಆಸ್ಪತ್ರೆಯ ಒಡೆಯ ಡಾಕ್ಟರ್ ಪ್ರೇಮಕುಮಾರರ ತಾಯಿ ಜಪಮಣಿ ಎಣಿಸುತ್ತ ಬಂದರು. ಮೇಟ್ರನ್ ಸೆರಗು ಸರಿಮಾಡಿಕೊಂಡು ನಿಂತರು.

"ಹೊಸಾಕೇನ ಈಕಿ? ಇವತ್ತ ಮಂಗಳವಾರ! ಮಂಗಳವಾರ ಹೊಸ ಸಿಸ್ಟರ್ ಕೆಲಸಕ್ಕ ನಿಂತ್ರ ದವಾಖಾನಿಗೆ ಚಲೋ ಅಲ್ಲ. ನಾಳೆ ಬರ್ಲಿ."

"ಹೌದಲ್ರಿ, ನನ್ನ ಖಬರಿಗೇ ಬರ್ಲಿಲ್ಲ," ಎಂದರು ಮೇಟ್ರನ್. "ಶೀಲಾ, ನಾಳೆ ಎಂಟಕ್ಕ ಬಾ. ಇದ ಸಾಮಾನು, ಇಷ್ಟೂ ಇರಬೇಕು ಮತ್ತ."

"ತಡೀರಿ," ಎಂದರು ಆ ತಾಯಿ. "ಇಷ್ಟು ದೂರ ಬಂದ ಹುಡುಗಿನ್ನ ಸುಮ್ನ ಕಳಸಬಾರ್ದು. ಸಾಮಾನು ಇಲ್ಲೇ ಪರಸ್ಥಾನಕ್ಕ ಇರ್ಲಿ."

ಗಡಿಯಾರ ಕಪಾಟಿಗೆ ಹೋಯಿತು. ಕತ್ತರಿ ಹೋಯಿತು. ಕಾಲಿನ ಬೂಟನ್ನೂ ಬಿಚ್ಚಿಸಿದರು. ಬೀಗ ಬಿತ್ತು, ಕೀಲಿ ತಾಯಿಯ ಸೊಂಟ ಸೇರಿತು.

"ಅಮ್ಮಾರ, ಅವು ನನ್ನವಲ್ರಿ! ಸಂಜಿಕ ವಾಪಸ್ ಕೊಡಬೇಕ್ರಿ!"

"ಪರಸ್ಥಾನಕ್ಕ ಇಟ್ಟಿದ್ದನ್ನ ಹಿಂದಕ ಒಯ್ತಾರೇನ ತಂಗಿ?" ಆಕೆ ಮರುಕದಿಂದ ಶೀಲಾಳ ಬರಿಗಾಲು ನೋಡಿದರು. "ಯಾಕ, ನಿಮ್ಮ ಮನ್ಯಾಗ ಹಿರೇರು ಯಾರೂ ಇಲ್ಲೇನು?"