ಕೊಸರಿಗೂ ಸುಂಕ

ವ್ಯಾಪಾರಕ್ಕೆ ಬೇಕಾದ ಗುಣ ನನ್ನಲ್ಲಿ ಒಂದೂ ಇಲ್ಲವೆಂಬುದು ಮನೆಯವರಿಗೆ ಮೊದಲಿನಿಂದ ಗೊತ್ತಿತ್ತು. ಈಗ ಅದು ಪರದೇಶದ ಸುಂಕದ ಕಚೇರಿಗೂ ಗೊತ್ತಾಗಿದೆ. ಶಿರಾಳಕೊಪ್ಪದಲ್ಲಿ ನನ್ನದೊಂದು ಸಣ್ಣ ಬಟ್ಟೆ ಅಂಗಡಿ, ಅಪ್ಪ ಇಟ್ಟದ್ದು. ಅವರು ಎರಡು ಮೀಟರ್ ಅಳೆದು, ಕತ್ತರಿ ಇಡುವ ಮುನ್ನ ಬಟ್ಟೆಯನ್ನು ನಾಲ್ಕು ಬೆರಳು ಮುಂದಕ್ಕೆ ಸರಿಸುತ್ತಿದ್ದರು. ಆ ನಾಲ್ಕು ಬೆರಳೇ ಕೊಸರು. ನಮ್ಮ ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳೂ ತೂಗಿದ ಮೇಲೆ ಇನ್ನೊಂದು ಹಿಡಿ ಹಾಕುತ್ತಾಳೆ. ಹಾಕದಿದ್ದರೆ ಗಿರಾಕಿ ಚೀಲದ ಬಾಯಿ ತೆರೆದುಕೊಂಡು ನಿಂತೇ ಇರುತ್ತಾನೆ. ವ್ಯಾಪಾರ ಇನ್ನೂ ಮುಗಿದಿಲ್ಲ ಎಂದು ಅರ್ಥ.

ಇಂಥ ನಾನು ರಫ್ತಿಗೆ ಕೈ ಹಾಕಿದ್ದು ಹಿಂದಿನ ಓಣಿಯ ಸಕೀನಮ್ಮನಿಂದಾಗಿ. ಕುಲಾವಿ ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ತೊಟ್ಟಿಲಿಗೆ ಹಾಕುವ ದಿನ ಕೂಸಿನ ತಲೆಗೆ ಕಟ್ಟುವ ಆ ಬಣ್ಣದ ಟೊಪ್ಪಿಗೆಯನ್ನು ಈಗ ಇಲ್ಲಿ ಕೇಳುವವರಿಲ್ಲ. ಹೊರದೇಶದಲ್ಲಿ ಪುಟ್ಟ ಅಂಗಡಿ ಇಟ್ಟಿರುವ, ಸೊರಬದ ಕಡೆಯ ರೂಪಾ ಎಂಬುವವರು ಮಾತ್ರ ಕೇಳುತ್ತಾರೆ. ಅವರ ಆರ್ಡರಿನಿಂದಲೇ ಸಕೀನಮ್ಮನ ಮಿಷಿನ್ನು ತಿರುಗುತ್ತದೆ, ಮನೆಯೂ ನಡೆಯುತ್ತದೆ. ಸಕೀನಮ್ಮ ಹೊಲಿದು ಪೆಟ್ಟಿಗೆ ತುಂಬಿ ಕೊಡುತ್ತಾರೆ, ನಾನು ಕಾಗದಪತ್ರ ಮಾಡಿ ಕಳಿಸುತ್ತೇನೆ. ಮೊದಲೆಲ್ಲ ಇಂಥ ಸಣ್ಣ ಪಾರ್ಸೆಲ್ಲುಗಳನ್ನು ಅಲ್ಲಿ ಯಾರೂ ಮೂಸಿ ನೋಡುತ್ತಿರಲಿಲ್ಲ. ಈಗ ಆ ವಿನಾಯಿತಿ ಹೋಗಿದೆ. ಪ್ರತಿ ಪೆಟ್ಟಿಗೆಗೂ ಸುಂಕ, ಒಳಗಿನ ಪ್ರತಿಯೊಂದಕ್ಕೂ ಲೆಕ್ಕ. ಕುಲಾವಿ ಎಂದರೇನು, ಹತ್ತಿಯದೋ ರೇಷ್ಮೆಯದೋ, ಗೊಂಡೆ ಯಾವ ದಾರದ್ದು? ಬರೆದು ಬರೆದು ಸಾಕಾಗಿ ಹೋಗಿದೆ. ನನ್ನನ್ನು ನೋಡಲು ಬಂದ ಹೆಣ್ಣಿನ ಕಡೆಯವರೂ ಇಷ್ಟು ವಿಚಾರಿಸಿರಲಿಲ್ಲ. ವಿಚಾರಿಸಬೇಕಿತ್ತು ಎಂದು ಹೆಂಡತಿ ಈಗ ಹೇಳುತ್ತಾಳೆ.

ಮೊನ್ನೆಯ ಪೆಟ್ಟಿಗೆ ಅಲ್ಲಿ ಸಿಕ್ಕಿಬಿತ್ತು. ಪಟ್ಟಿಯಲ್ಲಿ ನಲವತ್ತು ಎಂದಿದೆ, ಒಳಗೆ ಹೆಚ್ಚಿಗೆ ಇದೆ, ಸರಿಯಾದ ವಿವರಣೆ ಬರದಿದ್ದರೆ ಮಾಲು ವಾಪಸ್ ಎಂದು ಪಾರ್ಸೆಲ್ ಕಂಪನಿಯ ಪತ್ರ ಬಂತು. ಹಿಂದೆಯೇ ರೂಪಾ ಅವರ ಫೋನು.

"ಅಣ್ಣ, ಇದು ವಾಪಸ್ ಹೋದ್ರೆ ನಾನು ಕುಲಾವಿ ತರ್ಸೋದೇ ಬಿಡ್ತೀನಿ. ನಂಗೂ ಸಾಕಾಗಿದೆ."

ದನಿಯಲ್ಲಿ ಸಿಟ್ಟಿದ್ದರೆ ಸಮಾಧಾನ ಹೇಳಬಹುದಿತ್ತು. ಬರೀ ಸುಸ್ತಿತ್ತು. ನನಗೆ ಭಯವಾಯಿತು. ಪತ್ರವನ್ನು ಪೂರ್ತಿ ಓದುವ ತಾಳ್ಮೆಯೂ ಇಲ್ಲದೆ ಸಕೀನಮ್ಮನ ಮನೆಗೆ ಹೋಗಿ ಕೇಳಿದೆ.

"ಹೌದ್ರೀ ಅಣ್ಣ, ಮೇಲೊಂದು ಇಟ್ಟೀನಿ," ಎಂದರು ಅವರು, ಸೂಜಿಗೆ ದಾರ ಪೋಣಿಸುತ್ತ. "ಕೂಸಿನ ಸಾಮಾನು ಎಣಿಸಿದಷ್ಟೇ ಕೊಡಾದಾ? ಕೈ ಬರಲ್ರೀ."

"ನಂಗೆ ಹೇಳಬಾರದಾ? ಒಂದು ಬೆಲೆ ಹಾಕಿ ಪಟ್ಟೀಲಿ ಬರೀತಿದ್ದೆ."

"ಬೆಲೆ ಹಾಕಿದ್ರೆ ಅದು ಕೊಸರು ಹೆಂಗಾಗ್ತದ್ರೀ?"

ಉತ್ತರ ಹೊಳೆಯದಾಗ ಗಂಡಸರು ಮಾಡುವುದನ್ನೇ ಮಾಡಿದೆ, ಕೂಗಾಡಿದೆ. ಶಿಸ್ತು, ಕಾನೂನು, ಅಂತರರಾಷ್ಟ್ರೀಯ ವ್ಯಾಪಾರ ಎಂದೆಲ್ಲ ಓಣಿಗೇ ಕೇಳುವಂತೆ ಭಾಷಣ ಬಿಗಿದೆ. ಕೊನೆಗೆ, "ಎಣಿಸೋಕೆ ಬರದಿದ್ರೆ ಹೊಲಿಯೋದೇ ಬಿಟ್ಬಿಡಿ," ಎಂದೂ ಅಂದುಬಿಟ್ಟೆ. ಸಕೀನಮ್ಮ ಎದ್ದು ಮಿಷಿನ್ನಿನ ಮೇಲೆ ಹಳೆಯ ದುಪಟ್ಟಾ ಹೊದಿಸಿದರು.

ಅಂಗಡಿಗೆ ಬಂದು, ವಿವರಣೆ ಬರೆಯಬೇಕಲ್ಲ ಎಂದು ಪತ್ರವನ್ನು ಈ ಸಲ ಪೂರ್ತಿ ಓದಿದೆ. ಹೆಚ್ಚಿಗೆ ಇದ್ದದ್ದು ಒಂದಲ್ಲ, ಎರಡು. ಸಕೀನಮ್ಮ ಒಂದು ಎಂದರೆ ಒಂದೇ. ಹಾಗಾದರೆ ಇನ್ನೊಂದು? ಟೇಪು ಸುತ್ತುವ ಮುನ್ನ ಶೋಕೇಸಿನಿಂದ ಹಸಿರು ಕುಲಾವಿಯೊಂದನ್ನು ತೆಗೆದು, ಪಾಪ ಅಷ್ಟು ದೂರದಿಂದ ತರಿಸುತ್ತಾರೆ ಎಂದುಕೊಂಡು ಪೆಟ್ಟಿಗೆಗೆ ತುರುಕಿದ ಕೈ ನೆನಪಾಯಿತು. ಅದು ನನ್ನದೇ. ಅಂಗಡಿಯಲ್ಲಿ ಯಾರೂ ಇರಲಿಲ್ಲ, ಆದರೂ ನಾಚಿಕೆಯಾಯಿತು.

ಬಂದ ದಾರಿಯಲ್ಲೇ ವಾಪಸ್ ಹೋದೆ. "ತಪ್ಪಾಯ್ತು ಸಕೀನಮ್ಮ, ಇನ್ನೊಂದು ನಾನೇ ಇಟ್ಟಿದ್ದೆ," ಎಂದೆ. "ನಿಮಗೂ ನಾನೇ ಎಣಿಸೋದು ಕಲಿಸ್ಬೇಕೇನ್ರೀ?" ಎಂದು ಅವರು ಮಿಷಿನ್ನಿನ ಮೇಲಿನ ದುಪಟ್ಟಾ ತೆಗೆದರು.

ವಿವರಣೆಯಲ್ಲಿ ಎರಡೂ ನನ್ನವೇ ಎಂದು ಬರೆದೆ. ಉಚಿತವಾಗಿ ಕೊಡಲು ಕಾರಣವೇನು ಎಂಬ ಪ್ರಶ್ನೆಯ ಮುಂದೆ ಬಹಳ ಹೊತ್ತು ಕೂತು, 'ಅಭ್ಯಾಸ' ಎಂದು ಬರೆದೆ. ಇನ್ನು ಮುಂದೆ ಕೇಳಿದ್ದಕ್ಕಿಂತ ಒಂದು ಎಳೆ ದಾರವನ್ನೂ ಹೆಚ್ಚಿಗೆ ಕೊಡುವುದಿಲ್ಲ ಎಂಬ ಮುಚ್ಚಳಿಕೆಯನ್ನೂ ಸೇರಿಸಿದೆ. ಇದನ್ನು ನಂಬಿದರೆ ಪೆಟ್ಟಿಗೆ ಬಿಡುತ್ತಾರಂತೆ. ಸಹಿ ಮಾಡಿದ ಎರಡು ಪ್ರತಿ ಬೇಕು ಎಂದಿದ್ದರು. ಶಿಕಾರಿಪುರಕ್ಕೆ ಹೋಗಿ ಪಾರ್ಸೆಲ್ ಆಫೀಸಿನಲ್ಲಿ ಕೊಟ್ಟೆ. ಅಲ್ಲಿನ ಗುಮಾಸ್ತರು ಲಕೋಟೆ ಬಿಡಿಸಿ, ಹಾಳೆ ಎಣಿಸಿ ತಲೆಯೆತ್ತಿದರು.

"ಎರಡು ಕೇಳಿದ್ವಲ್ರೀ, ಮೂರು ಇಟ್ಟೀರಿ?"

"ಇರ್ಲಿ, ಇಟ್ಕೊಳ್ರೀ," ಎಂದೆ.